ಕಣ್ಣಕ್ಕನ ಗೇಣು

ಕಣ್ಣಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಾಟಲಿ ಕಾರ್ಖಾನೆಯವರು ಇಟ್ಟದ್ದು. ಮೂವತ್ತೊಂದು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ತೊಳೆದು ಬರುವ ಗಾಜಿನ ಬಾಟಲಿಗಳನ್ನು ಒಂದೂ ಬಿಡದೆ ನೋಡಿ, ಕೆಟ್ಟದ್ದನ್ನು ಮಾತ್ರ ಕುತ್ತಿಗೆ ಹಿಡಿದು ಎತ್ತಿ ಪಕ್ಕದ ಪೆಟ್ಟಿಗೆಗೆ ಹಾಕುವ ಹೆಂಗಸನ್ನು ಬೇರೆ ಏನೆಂದು ಕರೆಯುವುದು? ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದುಕೊಂಡಿತ್ತು, ಅಷ್ಟೆ. ಗಂಡನೂ ಜಗಳಕ್ಕೆ ನಿಂತಾಗ ಕಣ್ಣಕ್ಕ ಎಂದೇ ಕೂಗಿ, ಹೆಂಡತಿಯನ್ನೇ ಅಕ್ಕ ಅಂದೆನಲ್ಲ ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಕೆಲಸ ಕೇಳುವುದಕ್ಕೆ ಸುಲಭ. ಅಂಗಡಿಗಳಿಂದ ವಾಪಸು ಬಂದ ಖಾಲಿ ಬಾಟಲಿಗಳು ತೊಳೆಯುವ ಯಂತ್ರದಿಂದ ಹೊರಬಿದ್ದು, ಬೆಲ್ಟಿನ ಮೇಲೆ ಸಾಲು ಹಿಡಿದು, ಜ್ಯೂಸ್ ತುಂಬುವ ಕಡೆಗೆ ಹೋಗುತ್ತವೆ. ದಾರಿಯಲ್ಲಿ ಒಂದು ಕಡೆ ಬೆಲ್ಟಿನ ಹಿಂದೆ ಒಂದು ಬಿಳಿ ಗಾಜಿನ ಪೆಟ್ಟಿಗೆ, ಅದರೊಳಗೆ ಟ್ಯೂಬ್‌ಲೈಟು. ಬಾಟಲಿ ಆ ಬೆಳಕಿನ ಮುಂದೆ ಹಾಯುವಾಗ ಅದರ ಹೊಟ್ಟೆಯ ಗುಟ್ಟೆಲ್ಲ ಬಯಲು. ಬಾಯಿಯ ಅಂಚು ಚೂರು ಹಾರಿದ್ದರೆ ಅದು ಬಾಯಿಮುರುಕ. ಸಣ್ಣಗೆ ಬಿರುಕು ಬಿಟ್ಟಿದ್ದರೆ ಕೂದಲೆಳೆ. ಅಷ್ಟು ತೊಳೆದರೂ ಒಳಗೆ ಒಂದು ಕಾಗದದ ಚೂರೋ ಸತ್ತ ನೊಣವೋ ಉಳಿದಿದ್ದರೆ ಅದು ಬಸುರಿ. ಹೊಸದಾಗಿ ಸೇರಿದವರು ಬಸುರಿ ಬಂದಳು ಎಂಬ ಕೂಗು ಕೇಳಿ ಎದ್ದು ಕುರ್ಚಿ ಬಿಟ್ಟುಕೊಟ್ಟದ್ದೂ ಉಂಟು.

ಪ್ರತಿ ಶುಕ್ರವಾರ ಪರೀಕ್ಷೆ. ಸೂಪರ್‌ವೈಸರ್ ಇಪ್ಪತ್ತು ಕೆಟ್ಟ ಬಾಟಲಿಗಳ ತಳಕ್ಕೆ ಯಾರಿಗೂ ಕಾಣದ ಹಾಗೆ ಕೆಂಪು ಚುಕ್ಕೆ ಹಚ್ಚಿ, ತಾನು ಮೊದಲೇ ನೋಡಿ ಆರಿಸಿಟ್ಟ ಒಳ್ಳೆಯ ಬಾಟಲಿಗಳ ನಡುವೆ ಸೇರಿಸಿ ಬಿಡುತ್ತಾನೆ. ಇವುಗಳಿಗೆ ಕಳ್ಳರು ಎಂದು ಹೆಸರು. ಕಳ್ಳ ತಪ್ಪಿಸಿಕೊಂಡರೂ ತಪ್ಪು, ಒಳ್ಳೆಯ ಬಾಟಲಿಯನ್ನು ಹಿಡಿದರೂ ತಪ್ಪು. ಎರಡು ತಪ್ಪಿನವರೆಗೆ ಮಾಫಿ. ಕಣ್ಣಕ್ಕನಿಗೆ ಆ ಮಾಫಿಯ ಅಗತ್ಯವೇ ಬಿದ್ದಿರಲಿಲ್ಲ. ಮೂವತ್ತೊಂದು ವರ್ಷದ ಶುಕ್ರವಾರಗಳಲ್ಲಿ ಅವಳ ಹೆಸರಿನ ಮುಂದೆ ಇಪ್ಪತ್ತಕ್ಕೆ ಇಪ್ಪತ್ತು ಬಿಟ್ಟು ಬೇರೆ ಬರೆದವರಿರಲಿಲ್ಲ. ಆ ಜಂಬ ಅವಳಿಗಿತ್ತು. ಇರಬಾರದೇಕೆ?

ಅವಳಿಗೆ ಐವತ್ತೆಂಟು ತುಂಬಿದ ವರ್ಷ ಬೆಲ್ಟಿನ ವೇಗ ಹೆಚ್ಚಿಸಿದರು. ನಿಮಿಷಕ್ಕೆ ತೊಂಬತ್ತು ಬಾಟಲಿ ಹೋಗುತ್ತಿದ್ದ ಕಡೆ ಈಗ ನೂರಿಪ್ಪತ್ತು. ಮೊದಲ ಶುಕ್ರವಾರ ಮೂರು ಕಳ್ಳರು ತಪ್ಪಿಸಿಕೊಂಡರು. ಎರಡನೆಯ ಶುಕ್ರವಾರ ಐದು. ಅದಕ್ಕಿಂತ ಅವಮಾನವೆಂದರೆ, ಅವಳ ಪೆಟ್ಟಿಗೆಯಲ್ಲಿ ಯಾವ ಪಾಪವನ್ನೂ ಮಾಡದ ಐದು ಒಳ್ಳೆಯ ಬಾಟಲಿಗಳು ಸಿಕ್ಕವು.

"ಹಿಂದಿನವಳನ್ನ ಹಿಡಿದಿದ್ದೀರಿ ಅಮ್ಮಾ," ಎಂದ ಸೂಪರ್‌ವೈಸರ್, ದನಿ ತಗ್ಗಿಸಿ. ಒರಟು ಮನುಷ್ಯನಲ್ಲ, ಅವಳ ಮಗನ ವಯಸ್ಸಿನವನು. "ಕಳ್ಳ ಮುಂದೆ ಹೋದ, ನಿಮ್ಮ ಕೈ ಅವನ ಹಿಂದೆ ಬರ್ತಿದ್ದವಳ ಮೇಲೆ ಬಿತ್ತು. ಐದು ಸಲಾನೂ ಹಾಗೇ."

"ನಾನು ಕಂಡೆ ಕಣಪ್ಪಾ. ಐದನ್ನೂ ಕಂಡೆ. ಕೈ ಹೋಗೋಷ್ಟರಲ್ಲಿ ಹೋಗಿಬಿಡ್ತು."

"ಕಂಡರೆ ಸಾಲದಲ್ಲಮ್ಮಾ. ಒಂದು ಬಾಯಿಮುರುಕ ಜಾರಿದ್ರೆ ಯಾರದೋ ತುಟಿ ಸೀಳುತ್ತೆ. ನಿಮಗೆ ಮುಂದಿನ ಪರೀಕ್ಷೆ ಎರಡು ವಾರ ಬಿಟ್ಟು ಇಡ್ತೀನಿ. ಆಗಲೂ ಹೀಗೇ ಆದ್ರೆ ಲೇಬಲ್ ಕೋಣೆಗೆ ಬನ್ನಿ. ಫ್ಯಾನ್ ಇದೆ, ಆರಾಮಾಗಿ ಕೂತ್ಕೊಂಡು ಲೇಬಲ್ ಜೋಡಿಸಬಹುದು."

ಲೇಬಲ್ ಕೋಣೆಯ ಫ್ಯಾನಿಗೆ ಬೆಂಕಿ ಹಾಕ! ಅವಳಿಗೆ ಬೇಕಾದದ್ದು ಆ ಸ್ಟೂಲು. ಅದರ ಹಲಗೆ ಅವಳು ಕೂತು ಕೂತು ಸವೆದು ಅವಳದೇ ಅಚ್ಚಾಗಿತ್ತು. ಅದರಿಂದ ಇಳಿದರೆ ಕಣ್ಣಕ್ಕ ಎಂಬುವಳು ಇರುವುದಿಲ್ಲ, ಲೇಬಲ್ ಜೋಡಿಸುವ ಒಬ್ಬ ಮುದುಕಿ ಇರುತ್ತಾಳೆ. ಎರಡನೆಯ ಬೆಲ್ಟಿನಲ್ಲಿ ಕೂರುವ ಮಿಂಚು ಎಂಬ ಅಡ್ಡಹೆಸರಿನ ಹುಡುಗಿ, ಇಪ್ಪತ್ತಾರರವಳು, ಆ ಸ್ಟೂಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದನ್ನು ಅವಳು ಕಂಡಿದ್ದಳು. ಕಾಣದೆ ಇರುತ್ತದೆಯೇ?

ಮೊದಲು ಹೋದದ್ದು ಕಣ್ಣಿನ ಡಾಕ್ಟರ ಬಳಿ. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನೂ ಓದಿ, ಅದರ ಕೆಳಗೆ ಮೂಲೆಯಲ್ಲಿ ಅಚ್ಚುಮಾಡಿದವರ ಫೋನ್ ನಂಬರನ್ನೂ ಓದಿದಳು. ಡಾಕ್ಟರು ಎದ್ದು ಹತ್ತಿರ ಹೋಗಿ, ಅಲ್ಲಿ ನಂಬರಿದೆಯೇ ಎಂದು ತಾವೇ ನೋಡಿಕೊಂಡರು.

"ನಾನು ಮೊದಲೇ ಹೇಳಲಿಲ್ವಾ?" ಎಂದ ಗಂಡ. ಅವನು ಕ್ಷೌರಿಕ, ಬೀದಿಯ ಮೂಲೆಯಲ್ಲಿ ಎರಡು ಕುರ್ಚಿಯ ಅಂಗಡಿ. "ನಿನ್ನ ಕಣ್ಣು ಹೋಗಿದ್ರೆ ನಾನು ಇಷ್ಟೊತ್ತಿಗೆ ನೆಮ್ಮದಿಯಾಗಿ ಇರ್ತಿದ್ದೆ."

ಹಾಗಾದರೆ ಕೈಯದೇ ಸೋಮಾರಿತನ ಎಂದು ತೀರ್ಮಾನಿಸಿದಳು. ಕೈಗೆ ಬುದ್ಧಿ ಕಲಿಸಲು ಗಂಡನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಈರುಳ್ಳಿ ಎಸೆಯಲು ಹೇಳಿದಳು. ಅವನು ಎಸೆದ. ಮೊದಲನೆಯದು ಭುಜಕ್ಕೆ ಬಿತ್ತು, ಎರಡನೆಯದು ಕಿವಿಗೆ, ಮೂರನೆಯದು ಗೋಡೆಯ ಕನ್ನಡಿಗೆ. ಕನ್ನಡಿ ಒಡೆದ ಸದ್ದಿಗೆ ಸೊಸೆ ಓಡಿಬಂದಳು.

ಬಿದ್ದು ಕಾಲು ಮುರಿದುಕೊಂಡ ಹಿರಿಯರಿಗೆ ಮತ್ತೆ ನಡೆಯಲು ಕಲಿಸುವುದು ಆಸ್ಪತ್ರೆಯಲ್ಲಿ ಸೊಸೆಯ ಕೆಲಸ. ಹಾಗಾಗಿ ನೆಲದ ಮೇಲಿನ ಈರುಳ್ಳಿ, ಗಾಜು, ಅತ್ತೆಯ ಕೆಂಪು ಕಿವಿ ಮೂರನ್ನೂ ನೋಡಿ ನಗಲಿಲ್ಲ. ಒಂದು ಉದ್ದನೆಯ ಸ್ಕೇಲು ತಂದಳು.

"ಅತ್ತೆ, ಹೆಬ್ಬೆರಳು ತೋರುಬೆರಳು ಸ್ವಲ್ಪ ಅಗಲಿಸಿ ಹಿಡಿದುಕೊಳ್ಳಿ. ಸ್ಕೇಲಿನ ಸೊನ್ನೆ ನಿಮ್ಮ ಬೆರಳಿನ ಮಧ್ಯೆ ಇದೆ. ನಾನು ಯಾವಾಗ ಬಿಡ್ತೀನಿ ಅಂತ ಹೇಳಲ್ಲ. ಬಿಟ್ಟ ತಕ್ಷಣ ಹಿಡೀಬೇಕು."

ಬಿಟ್ಟಳು. ಹಿಡಿದಳು. ಅಷ್ಟರಲ್ಲಿ ಸ್ಕೇಲು ಇಪ್ಪತ್ತೇಳು ಸೆಂಟಿಮೀಟರು ಜಾರಿತ್ತು. ಇನ್ನೊಮ್ಮೆ, ಇಪ್ಪತ್ತಾರು. ಮತ್ತೊಮ್ಮೆ, ಇಪ್ಪತ್ತೆಂಟು. ಸೊಸೆ ತನ್ನ ಸರದಿ ಬಂದಾಗ ಹದಿನಾರರಲ್ಲಿ ಹಿಡಿದಳು. ಎರಡಕ್ಕೂ ಇದ್ದ ಅಂತರವನ್ನು ಕಣ್ಣಕ್ಕ ಸ್ಕೇಲಿನ ಮೇಲೆ ಬೆರಳಿಟ್ಟು ನೋಡಿದಳು. ಅಷ್ಟೂ ಉದ್ದ ಅವಳ ಕೈ ತಡವಾಗಿ ಬಂದಿತ್ತು.

"ಇದೇನು ಕಾಯಿಲೆನೇ?"

"ಕಾಯಿಲೆ ಅಲ್ಲ ಅತ್ತೆ, ವಯಸ್ಸು. ಕಣ್ಣು ನೋಡಿದ್ದನ್ನ ಮಿದುಳಿಗೆ ಕಳಿಸುತ್ತೆ. ಮಿದುಳು ಹಿಡೀಬೇಕಾ ಬಿಡಬೇಕಾ ಅಂತ ತೀರ್ಮಾನ ಮಾಡಿ ಕೈಗೆ ಹೇಳಿ ಕಳಿಸುತ್ತೆ. ವಯಸ್ಸಾಗ್ತಾ ಆ ಸುದ್ದಿ ಹೋಗೋ ದಾರಿ ಸ್ವಲ್ಪ ಸವೆಯುತ್ತೆ. ಚಿಕ್ಕವರಲ್ಲಿ ಮಿದುಳಿನ ಒಂದು ಪಕ್ಕವೇ ಮುಗಿಸೋ ಕೆಲಸಕ್ಕೆ ದೊಡ್ಡವರಲ್ಲಿ ಇನ್ನೊಂದು ಪಕ್ಕವನ್ನೂ ಎಬ್ಬಿಸಿ ಕೇಳಬೇಕಾಗುತ್ತೆ."

"ನಾವು ಸೋಫಾ ತಗೊಂಡ ಹಾಗೆ," ಎಂದ ಗಂಡ. "ಎಲ್ಲರನ್ನೂ ಕೇಳಿ ಮುಗಿಸೋಷ್ಟರಲ್ಲಿ ಅಂಗಡಿ ಬಾಗಿಲು ಹಾಕಿತ್ತು."

"ಔಷಧಿ?"

"ಇಲ್ಲ ಅತ್ತೆ. ಅಭ್ಯಾಸ ಮಾಡಿದ್ರೆ ಸ್ವಲ್ಪ ಸುಧಾರಿಸುತ್ತೆ. ಪೂರ್ತಿ ಮೊದಲಿನ ಹಾಗೆ ಆಗಲ್ಲ."

ಸೊಸೆಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಕಣ್ಣಕ್ಕ ಸರಿ ಎಂದು ತಲೆಯಾಡಿಸಿ, ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಹೊಟ್ಟೆ ತುಂಬ ಅತ್ತಳು. ಬಾಟಲಿ ಕಾಣದಿದ್ದರೆ ಆ ಮಾತು ಬೇರೆ. ಕಂಡು, ಇದೇ ಕಳ್ಳ ಎಂದು ಗೊತ್ತಾಗಿ, ಸ್ವಂತ ಕೈಯೇ ಮಾತು ಕೇಳದೆ ಹೋದರೆ ಯಾರ ಮೇಲೆ ಸಿಟ್ಟು ಮಾಡುವುದು?

ಆದರೆ ಸೋತು ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಮಾರನೆಯ ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಸ್ಕೇಲು ಹಿಡಿದು ಎದುರಿಗೆ ನಿಂತಳು. ಇಪ್ಪತ್ತೇಳು. ಇಪ್ಪತ್ತಾರು. ಇಪ್ಪತ್ತೇಳು. ಎಂಟು ಸಲ ಹಾಗೇ ಆಯಿತು. ಒಂಬತ್ತನೆಯ ಸಲ ಏಳು. ಸೊಸೆ ಕಣ್ಣರಳಿಸಿದಳು. ಹತ್ತನೆಯ ಸಲ ಐದು. ಆಮೇಲೆ ನಾಲ್ಕು.

"ಅತ್ತೆ! ಇದು ಹೇಗೆ ಸಾಧ್ಯ? ನನಗೇ ಹದಿನಾರಕ್ಕಿಂತ ಕಡಿಮೆ ಬರಲ್ಲ!"

"ನೀನು ಸ್ಕೇಲ್ ಬಿಡೋ ಮೊದಲು ಕೆಳತುಟಿ ಕಚ್ಕೋತೀಯ ಕಣೇ," ಎಂದಳು ಕಣ್ಣಕ್ಕ. "ನಾನು ಸ್ಕೇಲ್ ನೋಡೋದು ಬಿಟ್ಟೆ. ನಿನ್ನ ತುಟಿ ನೋಡಿದೆ."

ಗಂಡ ಬಿದ್ದು ಬಿದ್ದು ನಕ್ಕ. ಮೋಸ, ಮೋಸ ಎಂದು ಕೂಗಿದ. ಸೊಸೆ ಮಾತ್ರ ನಗುತ್ತಲೇ ಸ್ಕೇಲನ್ನು ಮೇಜಿನ ಮೇಲಿಟ್ಟು ಹೇಳಿದಳು: "ಮೋಸ ಏನಲ್ಲ ಮಾವ. ನಾನು ಆಸ್ಪತ್ರೇಲಿ ದಿನಾ ಇದನ್ನೇ ಕಲಿಸೋದು. ಮೆಟ್ಟಿಲು ಬಂದ ಮೇಲೆ ಕಾಲೆತ್ತಬೇಡಿ, ಬರೋ ಮೊದಲೇ ನೋಡಿಟ್ಟುಕೊಳ್ಳಿ ಅಂತ. ಅರ್ಧ ಜನಕ್ಕೆ ತಲೆಗೇ ಹೋಗಲ್ಲ. ಅತ್ತೆ ಯಾರೂ ಹೇಳದೆ ಮಾಡಿದ್ರು."

ಮರುದಿನ ಕಣ್ಣಕ್ಕ ಹುಮ್ಮಸ್ಸಿನಿಂದ ಸ್ಟೂಲು ಹತ್ತಿದಳು. ಹತ್ತು ನಿಮಿಷದಲ್ಲಿ ಹುಮ್ಮಸ್ಸು ಇಳಿಯಿತು. ಬಾಟಲಿಗೂ ತುಟಿ ಇದೆ, ಆದರೆ ಕಳ್ಳ ಬಾಟಲಿ ಅದನ್ನು ಕಚ್ಚಿಕೊಂಡು ಸುಳಿವು ಕೊಡುವುದಿಲ್ಲವಲ್ಲ! ತೊಳೆಯುವ ಯಂತ್ರದಿಂದ ಅವಳ ಕೈಯವರೆಗೆ ಬೆಲ್ಟು ಮಬ್ಬುಗತ್ತಲಲ್ಲಿ ಬರುತ್ತಿತ್ತು. ಬೆಳಕಿನ ಪೆಟ್ಟಿಗೆ ಇದ್ದದ್ದು ಸರಿಯಾಗಿ ಅವಳ ಕೈಯ ಎದುರಿಗೆ. ಬಾಟಲಿ ಕಾಣುವುದೂ ಅಲ್ಲೇ, ಹಿಡಿಯಬೇಕಾದದ್ದೂ ಅಲ್ಲೇ. ಕಂಡೆ ಎನ್ನುವಷ್ಟರಲ್ಲಿ ಅದು ಹೊರಟಿರುತ್ತಿತ್ತು.

ಬೆಳಿಗ್ಗೆ ಹತ್ತೂಕಾಲಿರಬೇಕು. ಎತ್ತರದ ಗವಾಕ್ಷಿಯಿಂದ ಒಂದು ಕೋಲು ಬಿಸಿಲು ಇಳಿದು, ಬೆಳಕಿನ ಪೆಟ್ಟಿಗೆಗಿಂತ ಸ್ವಲ್ಪ ಎಡಕ್ಕೆ, ಬಾಟಲಿಗಳು ಬರುವ ದಾರಿಯ ಮೇಲೆ ಬಿತ್ತು. ಆ ಬಿಸಿಲಿನಲ್ಲಿ ಒಂದು ಬಾಟಲಿಯ ಬಾಯಿ ಫಳಕ್ಕೆಂದಿತು. ಬಾಯಿಮುರುಕ! ಅವಳ ಕೈ ಎದ್ದಿತು. ಎದ್ದು, ಹೋಗಿ, ಬೆಲ್ಟಿನ ಮೇಲೆ ಕಾದು ನಿಂತಿತು. ಬಾಟಲಿ ತಾನಾಗಿ ಬಂದು ಬೆರಳಿನ ನಡುವೆ ಸೇರಿಕೊಂಡಿತು. ಎರಡು ವಾರದಲ್ಲಿ ಮೊದಲ ಸಲ ಅವಳ ಕೈ ಬಾಟಲಿಗಿಂತ ಮೊದಲು ಬಂದಿತ್ತು.

ಐದು ನಿಮಿಷದಲ್ಲಿ ಬಿಸಿಲು ಸರಿದುಹೋಯಿತು. ಕಣ್ಣಕ್ಕ ಮಾತ್ರ ಅದು ಬಿದ್ದಿದ್ದ ಜಾಗವನ್ನೇ ನೋಡುತ್ತಿದ್ದಳು. ತಪ್ಪು ತನ್ನ ಕೈಯದೊಂದೇ ಅಲ್ಲ, ಬೆಳಕು ಇಟ್ಟ ಜಾಗದ್ದೂ ಹೌದು. ಆ ಪೆಟ್ಟಿಗೆಯನ್ನು ಯಾರು ಯಾವ ಕಾಲದಲ್ಲಿ ಅಲ್ಲಿಟ್ಟರೋ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಕೈ ಚುರುಕಾಗಿದ್ದಾಗ ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಊಟದ ಬಿಡುವಿನಲ್ಲಿ ಸೂಪರ್‌ವೈಸರ್ ಎದುರು ನಿಂತು, ಬೆಳಕಿನ ಪೆಟ್ಟಿಗೆಯನ್ನು ಬಾಟಲಿ ಬರುವ ಕಡೆಗೆ ಸರಿಸಿಕೊಡು ಎಂದು ಹೇಳಿದಳು. ಅವನು ತಲೆ ಕೆರೆದುಕೊಂಡ. "ಮಧ್ಯದಲ್ಲಿ ಲೈಟ್ ಸರಿಸಿದ್ರೆ ಇನ್ನೂ ಗೊಂದಲ ಆಗಲ್ವಾ ಅಮ್ಮಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ."

ಅವಳ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ಸರಿಸಿಕೊಡಪ್ಪಾ ನೀನು. ಬರೋ ಪರೀಕ್ಷೇಲಿ ಎರಡಲ್ಲ, ಒಂದು ತಪ್ಪಾದ್ರೂ ನಾನೇ ಸ್ಟೂಲ್ ಬಿಟ್ಟು ಇಳೀತೀನಿ. ನೀನು ಬಾಯಿಬಿಟ್ಟು ಹೇಳೋದೂ ಬೇಡ!"

ಅಂದದ್ದು ಅಂದಾಯಿತು, ಅವನು ಒಪ್ಪಿಯೂ ಆಯಿತು. ಎರಡು ತಪ್ಪಿನ ಮಾಫಿ ಇದ್ದದ್ದನ್ನು ತಾನೇ ಬಿಸಾಡಿ ಬಂದೆನಲ್ಲ ಎಂದು ಕೈತೊಳೆಯುವಾಗ ಹೊಳೆಯಿತು. ಆಗ ಮಾಡುವುದೇನು? ಆಡಿದ ಮಾತನ್ನು ನುಂಗುವ ಪೈಕಿ ಅಲ್ಲ ಅವಳು.

ಕಾರ್ಖಾನೆಯ ಫಿಟ್ಟರಿಗೆ ಆಗಲ್ಲಪ್ಪ ಎಂದು ಅಡ್ಡಹೆಸರು. ಯಾವ ಕೆಲಸ ಹೇಳಿದರೂ ಮೊದಲು ಆಗಲ್ಲ ಎನ್ನುತ್ತಾನೆ, ಹಾಗೆನ್ನುತ್ತಲೇ ಸ್ಪ್ಯಾನರ್ ತೆಗೆಯುತ್ತಾನೆ.

"ಆಗಲ್ಲ," ಎಂದ ಅವನು, ಸ್ಪ್ಯಾನರ್ ತೆಗೆದು. "ವೈರು ಸಾಲಲ್ಲ. ಎಷ್ಟು ಸರಿಸಬೇಕು?"

"ಒಂದು ಗೇಣು."

ಆಗಲ್ಲಪ್ಪ ತನ್ನ ಅಗಲವಾದ ಅಂಗೈ ಬಿಡಿಸಿ ಗೇಣು ಹಾಕಹೊರಟ.

"ನಿನ್ನ ಗೇಣಲ್ಲ ಮಾರಾಯ, ನಂದು!" ಎಂದು ಅವನ ಕೈ ತಳ್ಳಿ, ತಾನೇ ಹೆಬ್ಬೆರಳು ಕಿರುಬೆರಳು ಚಾಚಿ ಅಳೆದಳು. ಸ್ಕೇಲಿನ ಮೇಲೆ ಕಂಡಿದ್ದ ಅಂತರಕ್ಕಿಂತ ಇದು ದೊಡ್ಡದಿತ್ತು. ತಡವಾಗಿ ಬರುವ ಕೈಗೆ ಸ್ವಲ್ಪ ಧಾರಾಳವಾಗಿಯೇ ಸಮಯ ಕೊಡೋಣ ಎಂದುಕೊಂಡಳು. ಆಗಲ್ಲಪ್ಪ ಅವಳ ಕಿರುಬೆರಳು ಮುಟ್ಟಿದ ಕಡೆ ಬೆಲ್ಟಿನ ಪಕ್ಕದ ಕಬ್ಬಿಣದ ಪಟ್ಟಿಗೆ ಒಂದು ಗೆರೆ ಎಳೆದು, ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಿ ತಿರುಪು ಬಿಗಿದ. ವೈರು ಸಾಕಷ್ಟಿತ್ತು.

ಇನ್ನೇನು ಗೆದ್ದೆ ಎಂದುಕೊಂಡರೆ ಮೊದಲ ದಿನವೇ ಪೂರಾ ಎಡವಟ್ಟು. ಈಗ ಅವಳು ಕಳ್ಳನ ಮುಂದೆ ಹೋಗುತ್ತಿದ್ದ ಒಳ್ಳೆಯ ಬಾಟಲಿಯನ್ನು ಹಿಡಿಯತೊಡಗಿದಳು! ಕಂಡ ತಕ್ಷಣ ಹಿಡಿ ಎಂದು ಮೂವತ್ತೊಂದು ವರ್ಷ ಪಾಠ ಹೇಳಿಸಿಕೊಂಡ ಕೈ, ಈಗ ಸ್ವಲ್ಪ ತಾಳು ಎಂದರೆ ಕೇಳಬೇಕಲ್ಲ. ಎದುರಿಗೆ ಸಿಕ್ಕಿದ್ದನ್ನು ಹಿಡಿದುಬಿಡುತ್ತಿತ್ತು. ಮಿಂಚು ತನ್ನ ಬೆಲ್ಟಿನಿಂದ ನೋಡಿ ಬಾಯಿಗೆ ಕರ್ಚೀಪು ಒತ್ತಿಕೊಂಡಳು. ಸಂಜೆ ಸೊಸೆಗೆ ಹೇಳಿದರೆ, "ಶುರುಮಾಡಿದ್ದನ್ನ ತಡೆಯೋದೂ ಮಿದುಳಿನ ಕೆಲಸಾನೇ ಅತ್ತೆ. ಅದಕ್ಕೂ ವಯಸ್ಸಾಗುತ್ತೆ. ಹೊಸ ಪಾಠ ನಿಧಾನವಾಗಿ ಹತ್ತುತ್ತೆ, ಆದ್ರೆ ಹತ್ತುತ್ತೆ," ಎಂದಳು.

ತಡೆಯುವುದು ಕಷ್ಟವಾದರೆ ತಡೆಯುವುದೇ ಬೇಡ ಎಂದುಕೊಂಡಳು ಕಣ್ಣಕ್ಕ. ಮರುದಿನದಿಂದ, ಕಳ್ಳ ಕಂಡೊಡನೆ ಕೈಯನ್ನು ಅವನ ನೆತ್ತಿಯ ಮೇಲೆ ತಂದು, ಮುಟ್ಟದೆ, ಅವನ ಜೊತೆಗೇ ನಡೆಸಿಕೊಂಡು ಬಂದಳು. ಕಂಡೆ, ಬಾ, ತಗೊಂಡೆ. ಕಂಡೆ, ಬಾ, ತಗೊಂಡೆ. ಬಾಯಲ್ಲೇ ಗುನುಗುತ್ತಿದ್ದಳು. ಕೈ ಈಗ ನಿಲ್ಲಬೇಕಾಗಿರಲಿಲ್ಲ, ಜೊತೆಗೆ ನಡೆದರೆ ಸಾಕಿತ್ತು. ಮೂರು ದಿನಕ್ಕೆ ಎಡವಟ್ಟು ಕಡಿಮೆಯಾಯಿತು. ಆರು ದಿನಕ್ಕೆ ಗುನುಗುವುದು ನಿಂತಿತು, ಕೈಗೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಮಾತ್ರ ಗಂಡ ಲೋಟ ಚಾಚಿದರೆ ಅವಳ ಕೈ ಲೋಟದ ಮೇಲೆ ಸ್ವಲ್ಪ ದೂರ ತೇಲಿ ಆಮೇಲೆ ಹಿಡಿಯುತ್ತಿತ್ತು. ಅವನು ಬೇಕೆಂದೇ ಲೋಟವನ್ನು ಅತ್ತಿತ್ತ ಆಡಿಸುತ್ತಿದ್ದ.

ಶುಕ್ರವಾರ ಬಂತು. ಬೆಳಿಗ್ಗೆ ಮೊದಲು ಮಿಂಚುವಿನ ಸರದಿ. ಅವಳ ಕೈಯೋ, ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರುವಂಥದ್ದು. ಆದರೂ ಹೊಸ ವೇಗಕ್ಕೆ ಅವಳಿಗೂ ಎರಡು ತಪ್ಪು. ಎರಡಕ್ಕೆ ಮಾಫಿ ಇದ್ದದ್ದರಿಂದ ಉಸಿರು ಬಿಟ್ಟು ಇಳಿದಳು. ಕಣ್ಣಕ್ಕನ ಪರೀಕ್ಷೆ ನೋಡಲು ಅಲ್ಲೇ ನಿಂತಳು. ಆಗಲ್ಲಪ್ಪನೂ ಏನೋ ಕೆಲಸವಿದ್ದವನಂತೆ ಬಂದು ನಿಂತ.

ಬೆಲ್ಟು ಹೊರಟಿತು. ಕಣ್ಣಕ್ಕ ಎಡಕ್ಕೆ ಕತ್ತು ವಾಲಿಸಿ ಕೂತಳು. ಮೊದಲನೆಯ ಕಳ್ಳ ಬಸುರಿ, ಒಳಗೆ ಮುರಿದ ಸ್ಟ್ರಾ ಚೂರು. ಕೈ ಜೊತೆಗೆ ನಡೆದು ಎತ್ತಿಕೊಂಡಿತು. ಆಮೇಲೆ ಬಾಯಿಮುರುಕ. ಆಮೇಲೆ ಒಂದರ ಹಿಂದೊಂದು ಎರಡು ಕೂದಲೆಳೆ, ಅವಳನ್ನು ಕಂಗೆಡಿಸಲೆಂದೇ ಸೂಪರ್‌ವೈಸರ್ ಹಾಗೆ ಬಿಟ್ಟಿದ್ದ. ಬಲಗೈ ಒಂದನ್ನು ತಗೊಂಡಿತು, ಎಡಗೈ ಅದಾಗಲೇ ಇನ್ನೊಂದರ ನೆತ್ತಿಯ ಮೇಲಿತ್ತು. ಅವಳಿಗೆ ಅವಸರವೇ ಇರಲಿಲ್ಲ. ಬೆಲ್ಟು ಮೊದಲಿಗಿಂತ ವೇಗವಾಗಿದೆ ಎಂಬುದೂ ಮರೆತುಹೋಗಿತ್ತು. ಕೊನೆಗೆ ಬೆಲ್ಟು ನಿಂತಾಗ, ಇಷ್ಟು ಬೇಗ ಮುಗಿಯಿತೇ ಎನಿಸಿತು.

ಸೂಪರ್‌ವೈಸರ್ ಪೆಟ್ಟಿಗೆಯಿಂದ ಒಂದೊಂದೇ ಬಾಟಲಿ ತೆಗೆದು ತಲೆಕೆಳಗು ಮಾಡಿ ಚುಕ್ಕೆ ನೋಡಿದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಒಬ್ಬ ಕಳ್ಳನೂ ತಪ್ಪಿಸಿಕೊಂಡಿರಲಿಲ್ಲ. ಮಿಂಚು ಚಪ್ಪಾಳೆ ತಟ್ಟಲು ಕೈಯೆತ್ತಿದಳು. ಆಗ ಅವನು ಪೆಟ್ಟಿಗೆಯ ಮೂಲೆಗೆ ಕೈ ಹಾಕಿ ಇನ್ನೊಂದು ಬಾಟಲಿ ತೆಗೆದ. ತಳದಲ್ಲಿ ಚುಕ್ಕೆ ಇರಲಿಲ್ಲ.

"ಅಮ್ಮಾ," ಎಂದ ಅವನು. ಅವನ ಮುಖ ಪೆಚ್ಚಾಗಿತ್ತು. "ಇದು ನಾನು ಬಿಟ್ಟಿದ್ದಲ್ಲ. ಒಳ್ಳೇದನ್ನ ಎತ್ತಿಬಿಟ್ಟಿದ್ದೀರಿ."

ಒಂದು ತಪ್ಪಾದರೂ ಇಳಿಯುತ್ತೇನೆ ಎಂದದ್ದು ಅಲ್ಲಿದ್ದ ಎಲ್ಲರ ಕಿವಿಗೂ ಬಿದ್ದಿತ್ತು. ಸೂಪರ್‌ವೈಸರ್ ಬಾಟಲಿಯನ್ನು ತಿರುಗಿಸಿದ, ಬಾಯಿ ಸವರಿದ, ಒಳಗೆ ಇಣುಕಿದ. ಏನೂ ಇಲ್ಲ. ಮಿಂಚು ಇಸಕೊಂಡು ನೋಡಿದಳು. ಅವಳಿಗೂ ಕಾಣಲಿಲ್ಲ.

ಕಣ್ಣಕ್ಕ ಸ್ಟೂಲಿನಿಂದ ಇಳಿಯಲಿಲ್ಲ. "ಬೆಳಕಿಗೆ ಹಿಡಿ ಕಣೇ," ಎಂದಳು ಮಿಂಚುವಿಗೆ. "ನೇರ ಅಲ್ಲ, ಓರೆಯಾಗಿ. ಕುತ್ತಿಗೆ ಹೊಟ್ಟೆಗೆ ಸೇರುತ್ತಲ್ಲ, ಅಲ್ಲಿ ನೋಡು."

ಮಿಂಚು ಓರೆಯಾಗಿ ಹಿಡಿದಳು. ಇನ್ನೂ ಸ್ವಲ್ಪ ಓರೆ. ಅವಳ ಬಾಯಿ ತೆರೆದುಕೊಂಡಿತು. ಉಗುರಿನಷ್ಟು ಉದ್ದದ ಒಂದು ಕೂದಲೆಳೆ, ಬೆಳಕಿನಲ್ಲಿ ಒಮ್ಮೆ ಮಿನುಗಿ ಮಾಯವಾಯಿತು. "ಇದೆ!" ಎಂದು ಕಿರುಚಿದಳು. "ಸಾರ್, ಇದೆ! ಇದು ನಿಜವಾದ ಕಳ್ಳ!"

ಯಾರೂ ಚುಕ್ಕೆ ಹಚ್ಚದ, ಯಾರೂ ಪರೀಕ್ಷೆಗೆ ಬಿಡದ, ಒಳ್ಳೆಯವರ ನಡುವೆ ತಾನಾಗಿ ನುಸುಳಿ ಬಂದ ಅಸಲಿ ಕಳ್ಳ. ಸೂಪರ್‌ವೈಸರ್ ಎರಡೂ ಕೈ ಎತ್ತಿ ಕಣ್ಣಕ್ಕನಿಗೆ ಮುಗಿದ. ಆಗಲ್ಲಪ್ಪ ಬೆಲ್ಟಿನ ಪಟ್ಟಿಗೆ ಸ್ಪ್ಯಾನರಿನಿಂದ ಟಣಟಣ ಬಾರಿಸಿದ. ಕಣ್ಣಕ್ಕನಿಗೆ ಹಿಗ್ಗು ತಡೆಯಲಾಗದೆ ಕಣ್ಣಲ್ಲಿ ನೀರೇ ಬಂತು. ಈ ಸಲ ಅದನ್ನು ಮರೆಮಾಚಲು ನಲ್ಲಿ ಬೇಕಾಗಲಿಲ್ಲ.

ಮಧ್ಯಾಹ್ನ ಮಿಂಚು ಆಗಲ್ಲಪ್ಪನ ಮುಂದೆ ಹೋಗಿ ನಿಂತಳು. "ನನ್ನ ಬೆಲ್ಟಿನ ಲೈಟೂ ಸರಿಸಿಕೊಡಿ."

"ಆಗಲ್ಲ," ಎಂದ ಅವನು, ಸ್ಪ್ಯಾನರ್ ತೆಗೆಯುತ್ತ. "ಎಷ್ಟು?"

"ಒಂದು ಗೇಣು," ಎಂದು ಮಿಂಚು ತನ್ನ ಕೈ ಚಾಚಿದವಳು, ಏನೋ ಯೋಚಿಸಿ, ಕೈ ಮಡಿಸಿಕೊಂಡು ಹಿಂದೆ ತಿರುಗಿದಳು. "ಅಕ್ಕಾ, ನೀವೇ ಬಂದು ಹಾಕಿ."

ಕಣ್ಣಕ್ಕ ಹೋಗಿ ಹಾಕಿದಳು. ಇಂದಿಗೂ ಆ ಎರಡು ಬೆಲ್ಟುಗಳ ಪಟ್ಟಿಯ ಮೇಲೆ ಆ ಗೆರೆಗಳಿವೆ. ಹೊಸಬರು ಇದೇನೆಂದು ಕೇಳಿದರೆ ಕಣ್ಣಕ್ಕನ ಗೇಣು ಎಂದು ಹೇಳುತ್ತಾರೆ.

ಪರೀಕ್ಷೆಯ ದಿನ ಸಂಜೆ ಅವಳು ಮನೆಗೆ ಬಂದಾಗ ಗಂಡ ಅಂಗಡಿಗೆ ಬೇಗ ಬಾಗಿಲು ಹಾಕಿ ಬಂದು ಕೂತಿದ್ದ. ಸಮಾಧಾನದ ನಾಲ್ಕು ಮಾತು ಹೊಂದಿಸಿಟ್ಟುಕೊಂಡಿದ್ದನೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಸೊಸೆ ಬಾಗಿಲ ಹತ್ತಿರ ಕೆಳತುಟಿ ಕಚ್ಚಿಕೊಂಡು ನಿಂತಿದ್ದಳು. ಕಣ್ಣಕ್ಕ ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇಪ್ಪತ್ತರಲ್ಲಿ ಎಷ್ಟು ಬಂತು?" ಎಂದ ಗಂಡ, ಮೆಲ್ಲಗೆ.

"ಇಪ್ಪತ್ತೊಂದು," ಎಂದಳು ಕಣ್ಣಕ್ಕ.